ಅರ್ಧ ಡಾಲರ್ ಅಂದ್ರೆ ಅರ್ಧ ಡಾಲರೇ

"ಎಡಗಡೆ ಎತ್ತೋ, ಎಡಗಡೆ. ನಿನ್ನ ಕಡೆ ಇಳೀತಿದೆ ಗಸ್," ಎಂದು ಮಾರ್ವ್ ಹಲ್ಲು ಕಚ್ಚಿಕೊಂಡು ಗದರಿದ.

"ಇಳೀತಿರೋದು ಪೆಟ್ಟಿಗೆ ಅಲ್ಲ, ನಿನ್ನ ಹೊಟ್ಟೆ. ಮೊದಲು ಅದನ್ನ ಎತ್ಕೋ," ಎಂದ ಗಸ್.

ನಾರ್ಬರ್ಟ್ ಝಿಂಬಾನ ಶವಪೆಟ್ಟಿಗೆ ಸಂತ ಹೆಡ್ವಿಗ್ ಚರ್ಚಿನ ಮೆಟ್ಟಿಲುಗಳ ನಡುವೆ ನಿಂತುಬಿಟ್ಟಿತ್ತು. ನವೆಂಬರಿನ ಜಿಟಿಜಿಟಿ ಮಳೆ ಕಲ್ಲಿನ ಮೇಲೆ ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಮುಂದೆ ಮಾರ್ವ್ ಮತ್ತು ಕ್ಲೆಮ್, ನಡುವೆ ಗಸ್ ಮತ್ತು ಎಲ್ರಾಯ್, ಹಿಂದೆ ನಾರ್ಬರ್ಟನ ನಾದಿನಿಯ ಇಬ್ಬರು ಗಂಡುಮಕ್ಕಳು. ಮುಂದಿನ ನಾಲ್ವರೂ ಎಪ್ಪತ್ತು ದಾಟಿದವರು, ಕಾಗದದ ಕಾರ್ಖಾನೆಯಲ್ಲಿ ನಾರ್ಬರ್ಟನ ಜೊತೆ ದುಡಿದು ಅವನ ಜೊತೆಗೇ ನಿವೃತ್ತರಾದವರು. ನಿಜವಾದ ಭಾರವೆಲ್ಲ ಹಿಂದಿದ್ದ ಹುಡುಗರ ಮೇಲಿತ್ತು.

ಕೆಳಗೆ ನಿಂತಿದ್ದ ಡೆಲ್ಫಿನ್ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಶವಸಂಸ್ಕಾರದ ಏರ್ಪಾಡು ಹೊತ್ತಿದ್ದ ಹಾಲ್ವರ್ಸನ್ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದ.

"ಹಿಂದುಗಡೆ ಇಳಿಜಾರು ದಾರಿ ಇದೆ ಅಮ್ಮ. ಗಾಲಿ ಗಾಡಿ ಮೇಲಿಟ್ಟು ತಳ್ಕೊಂಡು ಹೋಗಬಹುದಿತ್ತು. ಈಗೆಲ್ಲ ಹಾಗೇ ಮಾಡ್ತಾರೆ," ಎಂದ ಅವನು ಮೆಲ್ಲಗೆ.

"ಆ ದಾರೀಲಿ ಅಡುಗೆಮನೆ ಕಸ ಇಳಿಸ್ತಾರೆ. ನನ್ನ ಗಂಡನ್ನ ಅವನ ಸ್ನೇಹಿತರು ಹೊತ್ಕೊಂಡು ಒಳಗೆ ಹೋಗ್ತಾರೆ, ಹೊತ್ಕೊಂಡೇ ಹೊರಗೆ ಬರ್ತಾರೆ," ಎಂದಳು ಡೆಲ್ಫಿನ್.

ನಾಲ್ಕು ದಿನದಿಂದ ಅವಳು ಹೇಳುತ್ತಿದ್ದುದು ಇದೊಂದೇ. ಪೆಟ್ಟಿಗೆ ಯಾವ ಮರದ್ದು ಎಂದು ಕೇಳಿದರೆ ಅಗ್ಗದ್ದು ಎಂದಿದ್ದಳು, ಹೂವು ಎಂದರೆ ಸಾಕಾಗುವಷ್ಟು ಎಂದಿದ್ದಳು. ಆದರೆ ಹೊರುವವರು ಯಾರು ಎಂಬ ಮಾತಿಗೆ ಮಾತ್ರ ಆರೂ ಹೆಸರು ತಾನೇ ಹೇಳಿ ಅವನ ಬಾಯಲ್ಲೂ ಎರಡೆರಡು ಸಲ ಹೇಳಿಸಿದ್ದಳು. ಅವಳ ಅಪ್ಪ ಸತ್ತಾಗ ಅವನ ಪೆಟ್ಟಿಗೆ ಹಿಡಿಯಲು ಊರಿನ ಒಬ್ಬ ಗಂಡಸೂ ಬಂದಿರಲಿಲ್ಲ. ಬಾಡಿಗೆಯ ಜನ ಕೆಮ್ಮುತ್ತ, ಗಡಿಯಾರ ನೋಡುತ್ತ ತಳ್ಳಿಕೊಂಡು ಹೋಗಿದ್ದರು. ಅದು ಒಂದು ಮಾತು. ಇನ್ನೊಂದು ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಮೇಲೆ ನಾರ್ಬರ್ಟ್ ತನ್ನ ಶನಿವಾರಗಳನ್ನೆಲ್ಲ ಈ ನಾಲ್ವರ ಜೊತೆ ಕಳೆದಿದ್ದ. ಸಂಜೆಗಳನ್ನೆಲ್ಲ ನೆಲಮಾಳಿಗೆಯಲ್ಲಿ ಒಬ್ಬನೇ ಕಳೆದಿದ್ದ. ಅವಳಿಗೆ ಉಳಿದದ್ದು ಊಟದ ಹೊತ್ತು. ಅಷ್ಟೆಲ್ಲ ಕೊಟ್ಟದ್ದಕ್ಕೆ ಇವರಾದರೂ ಸ್ನೇಹಿತರಾಗಿರಬೇಕು. ಅದೂ ಇಲ್ಲವೆಂದರೆ ಆ ವರ್ಷಗಳಿಗೆಲ್ಲ ಏನು ಅರ್ಥ?

ಪೆಟ್ಟಿಗೆ ಕೊನೆಗೂ ಮೇಲೆ ಹತ್ತಿತು. ಬಾಗಿಲ ಒಳಗಿನ ಪಡಸಾಲೆಯಲ್ಲಿ ಗಾಲಿ ಗಾಡಿಯ ಮೇಲೆ ಇಳಿಸಿದರು. ಮುದುಕರು ಗೋಡೆಗೆ ಒರಗಿ ಏದುಸಿರು ಬಿಟ್ಟರು. ಪ್ರತಿಯೊಬ್ಬರ ಕೋಟಿನ ಎದೆಯ ಮೇಲೆ ಹಾಲ್ವರ್ಸನ್ ಸಿಕ್ಕಿಸಿದ್ದ ಬಿಳಿ ಹೂವಿತ್ತು. ಪೂಜೆ ಶುರುವಾಗಲು ಇನ್ನೂ ಹೊತ್ತಿತ್ತು. ಜನ ಒಬ್ಬೊಬ್ಬರಾಗಿ ಬಂದು ಡೆಲ್ಫಿನ್‌ಳ ಕೈ ಹಿಡಿದು ಒಳಗೆ ಹೋಗುತ್ತಿದ್ದರು.

ಅವಳು ನಾಲ್ವರ ಹತ್ತಿರ ಬಂದು ಒಬ್ಬೊಬ್ಬರ ತೋಳನ್ನೂ ಮುಟ್ಟಿದಳು. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಿಲ್ಲ."

"ನಾರ್ಬ್‌ಗೋಸ್ಕರ ಇಷ್ಟೂ ಮಾಡ್ದೆ ಇದ್ರೆ ಹೇಗೆ?" ಎಂದ ಮಾರ್ವ್.

"ಇವತ್ತು ಕೆಳಗೆ ಊಟ ಇದೆ, ಯಾರೂ ಹಾಗೇ ಹೋಗಬೇಡಿ. ಹ್ಯಾಮು, ಪೋಲಿಷ್ ಸಾಸೇಜು, ಎಲೆಕೋಸಿನ ಸುರುಳಿ. ಇದು ನಾರ್ಬರ್ಟ್ ಕೊಡಿಸ್ತಿರೋ ಊಟ. ಅವನ ನಾಣ್ಯದ ದುಡ್ಡಲ್ಲೇ ಮಾಡಿಸಿದೀನಿ."

"ಯಾವ ನಾಣ್ಯ?" ಎಂದ ಕ್ಲೆಮ್.

"ಅದೇ, ಗೋಡೆ ಕಪಾಟಲ್ಲಿ ಇಟ್ಟಿದ್ನಲ್ಲ, ಅರ್ಧ ಡಾಲರ್ ರೋಲುಗಳು. ಕಾಗದ ಸುತ್ತಿ ನೀಟಾಗಿ ಜೋಡಿಸಿದ್ದ. ನಿನ್ನೆ ಮಧ್ಯಾಹ್ನ ತರಕಾರಿ ತರೋ ಕೈಗಾಡೀಲಿ ಹಾಕ್ಕೊಂಡು ಬ್ಯಾಂಕಿಗೆ ಕೊಟ್ಟು ಬಂದೆ. ಹೊಸ ಹುಡುಗಿ ಇದ್ಲು ಕಿಟಕೀಲಿ. ಬಿಚ್ಚಿ ಕೂಡ ನೋಡಲಿಲ್ಲ, ಪಾಪ, ರೋಲು ಎಣಿಸಿ ತಗೊಂಡ್ಲು."

ಮಾರ್ವ್ ಕ್ಲೆಮ್‌ನ ಮುಖ ನೋಡಿದ. ಕ್ಲೆಮ್ ಗಸ್‌ನ ಮುಖ ನೋಡಿದ. ಎಲ್ರಾಯ್ ಸೂರಿನ ಕಡೆ ನೋಡಿದ.

"ಎಲ್ಲಾನೂ?" ಎಂದ ಮಾರ್ವ್. ಅವನ ದನಿ ಒಣಗಿತ್ತು.

"ಎಲ್ಲಾ. ನನಗ್ಯಾಕೆ ಅವು?"

"ಕೆಳಗಿನ ಬೀದಿ ಬ್ಯಾಂಕಿಗಾ?"

"ಮತ್ತೆಲ್ಲಿಗೆ ಹೋಗ್ಲಿ ಆ ಭಾರ ತಳ್ಕೊಂಡು?"

ಅಷ್ಟರಲ್ಲಿ ಯಾರೋ ಬಂದು ಡೆಲ್ಫಿನ್‌ಳನ್ನು ತಬ್ಬಿಕೊಂಡರು. ಅವಳು ಮತ್ತೆ ಈ ಕಡೆ ತಿರುಗಿದಾಗ ಕ್ಲೆಮ್ ಕಾಣಲಿಲ್ಲ.

"ಕಾರಿನ ಲೈಟು ಆರಿಸಿಲ್ಲ ಅಂತ ಹೋದ. ನಾನೂ ನೋಡ್ಕೊಂಡು ಬರ್ತೀನಿ, ಅವನ ಕಣ್ಣು ಸರಿ ಇಲ್ಲ," ಎಂದ ಗಸ್. ಹಾಗೆಂದು ಮೆಟ್ಟಿಲು ಇಳಿದವನು ಪೆಟ್ಟಿಗೆ ಹೊತ್ತು ಹತ್ತಿದಾಗ ಇದ್ದ ಮುದುಕನಲ್ಲ. ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಎರಡೆರಡು ಮೆಟ್ಟಿಲು ಹಾರುತ್ತಿದ್ದ.

ಮಾರ್ವ್ ಗಡಿಯಾರ ನೋಡಿಕೊಂಡ. "ಬಿ.ಪಿ. ಮಾತ್ರೆ ಮರೆತುಬಂದೆ ಡೆಲ್ಫಿನ್. ಹೀಗ್ ಹೋಗಿ ಹಾಗ್ ಬರ್ತೀನಿ," ಎಂದವನೇ ಅವಳ ಉತ್ತರಕ್ಕೂ ಕಾಯಲಿಲ್ಲ.

ಎಲ್ರಾಯ್ ಮಾತ್ರ ಅಲ್ಲೇ ಉಳಿದ. ಎರಡು ಹೆಜ್ಜೆ ಬಾಗಿಲ ತನಕ ಹೋಗಿ, ತಡೆದು ನಿಂತು, ಮುಖ ಹುಳ್ಳಗೆ ಮಾಡಿಕೊಂಡು ವಾಪಸು ಬಂದು ಗೋಡೆಗೆ ಒರಗಿದ.

*

ನಾರ್ಬರ್ಟ್ ಸೋಮವಾರ ಬ್ಯಾಂಕಿನಿಂದ ರೋಲುಗಳನ್ನು ತರುತ್ತಿದ್ದ. ಸಂಜೆ ಊಟ ಮುಗಿಸಿ ನೆಲಮಾಳಿಗೆಗೆ ಇಳಿದು, ದೀಪ ಹತ್ತಿರ ಎಳೆದುಕೊಂಡು, ಒಂದೊಂದೇ ರೋಲಿನ ಕಾಗದ ಹರಿದು ನಾಣ್ಯಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದ. ಅಂಚು ನೋಡುತ್ತಿದ್ದ, ಇಸವಿ ನೋಡುತ್ತಿದ್ದ. ಬೇಡವಾದದ್ದನ್ನು ಮತ್ತೆ ಕಾಗದದಲ್ಲಿ ಸುತ್ತಿ ಗುರುವಾರ ಪಕ್ಕದೂರಿನ ಇನ್ನೊಂದು ಬ್ಯಾಂಕಿಗೆ ಕೊಟ್ಟು ಬರುತ್ತಿದ್ದ. ತಂದ ಕಡೆಯೇ ಕೊಟ್ಟರೆ ನೋಡಿದ್ದನ್ನೇ ಮತ್ತೆ ನೋಡಬೇಕಾಗುತ್ತದೆ. ಬೇಕಾದದ್ದು ಕಪಾಟಿಗೆ ಹೋಗುತ್ತಿತ್ತು.

ಡೆಲ್ಫಿನ್‌ಗೆ ಕಂಡದ್ದು ಇಷ್ಟೇ: ದುಡ್ಡು ತರುತ್ತಾನೆ, ನೋಡುತ್ತಾನೆ, ವಾಪಸು ಕೊಡುತ್ತಾನೆ. ಬೇರೆ ಹೆಂಗಸರ ಗಂಡಂದಿರು ಕುಡಿಯುತ್ತಿದ್ದರು, ಇವನು ಕುಡಿಯುತ್ತಿರಲಿಲ್ಲ. ಅದಕ್ಕೆ ಅವಳು ತೃಪ್ತಿಯಿಂದಿರಬೇಕೆಂದು ಎಲ್ಲರೂ ಹೇಳುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವಳು ಕಾಫಿ ತೆಗೆದುಕೊಂಡು ಹೋಗಿ ಅವನೆದುರು ಕೂತಿದ್ದಳು. "ನನಗೂ ಒಂದು ಕೊಡು, ನಾನೂ ಹುಡುಕ್ತೀನಿ," ಎಂದಿದ್ದಳು. ಅವನು ಒಂದು ರೋಲು ಅವಳ ಕಡೆ ಉರುಳಿಸಿದ. ಅವಳು ಬಿಚ್ಚಿದಳು. ಅದರಲ್ಲಿ ಒಂದು ನಾಣ್ಯ ಮಿಕ್ಕವುಗಳ ಹಾಗಿರಲಿಲ್ಲ. ಮಿಕ್ಕವುಗಳ ಅಂಚಿನಲ್ಲಿ ತಾಮ್ರದ ಗೆರೆ ಇತ್ತು, ಇದು ಸುತ್ತಲೂ ಬೆಳ್ಳಗಿತ್ತು.

"ಇದು ನೋಡು. ಚೆನ್ನಾಗಿದೆ."

ಅವನು ಅದನ್ನು ಅವಳ ಬೆರಳಿನಿಂದ ತೆಗೆದುಕೊಂಡು ದೀಪಕ್ಕೆ ಹಿಡಿದ. "ಮಾಮೂಲಿ," ಎಂದು ಹೇಳಿ ತನ್ನ ಪಕ್ಕದ ಡಬ್ಬಿಗೆ ಹಾಕಿಕೊಂಡ. ಆಮೇಲೆ ಅವಳಿಗೆ ಇನ್ನೊಂದು ರೋಲು ಕೊಡಲಿಲ್ಲ. ಕಾಫಿ ಆರುವ ತನಕ ಕಾದು ಅವಳು ಮೇಲೆ ಹೋದಳು.

ಮತ್ತೊಂದು ಜನವರಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ನಿಂತಿತು. ಹೊರಗೆ ಮೂಗು ಮರಗಟ್ಟುವ ಚಳಿ. ಇಬ್ಬರೂ ಅಡುಗೆಮನೆಯಲ್ಲಿ ಒಲೆಯ ಬಾಗಿಲು ತೆರೆದಿಟ್ಟು, ಕೋಟು ಹಾಕಿಕೊಂಡು ಮಲಗಿದರು. ಡೆಲ್ಫಿನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಡುವ ಮುಂಚೆ ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಕಪಾಟಲ್ಲಿರೋದನ್ನ ಮಾರೋಣ ನಾರ್ಬ್. ಹೊಸ ಫರ್ನೇಸ್ ಹಾಕಿಸೋಣ."

"ಮಾರೋಕೆ ಏನಿದೆ ಅಲ್ಲಿ?" ಎಂದ ಅವನು, ತಲೆ ಎತ್ತದೆ. "ಹತ್ತು ಡಾಲರ್ ರೋಲಿಗೆ ಹತ್ತು ಡಾಲರ್ ಕೊಡ್ತಾರೆ. ಅರ್ಧ ಡಾಲರ್ ಅಂದ್ರೆ ಅರ್ಧ ಡಾಲರೇ. ಎಲ್ಲ ಕೊಟ್ರೂ ಫರ್ನೇಸಿನ ಬಾಗಿಲು ಕೂಡ ಬರಲ್ಲ."

"ಮತ್ಯಾಕೆ ಇಟ್ಕೊಂಡಿದೀಯಾ?"

"ನೋಡೋಕೆ ಚೆನ್ನಾಗಿದೆ."

ಅವಳು ನಂಬಿದಳು. ಗಂಡ ಸುಳ್ಳು ಹೇಳುತ್ತಾನೆಂದು ಅನುಮಾನ ಪಡಲು ಅವನು ಅಷ್ಟೊಂದು ಮಾತಾಡುವವನೇ ಆಗಿರಲಿಲ್ಲ. ಹೊಸ ಫರ್ನೇಸಿನ ಸಾಲವನ್ನು ಅವಳ ಸಂಬಳದಿಂದ ತೀರಿಸಿದರು. ಆ ವರ್ಷ ಕಟ್ಟಿಸಬೇಕಿದ್ದ ಅವಳ ಹಲ್ಲು ಕಟ್ಟಿಸದೇ ಉಳಿಯಿತು. ಈಗಲೂ ಅವಳು ಬಲಗಡೆಯಿಂದಲೇ ಅಗಿಯುತ್ತಾಳೆ.

*

ಪೂಜೆ ಮುಗಿಯಿತು. ಹೊರುವವರಿಗೆಂದು ಬಿಟ್ಟಿದ್ದ ಮುಂದಿನ ಬೆಂಚಿನಲ್ಲಿ ಎಲ್ರಾಯ್ ಮತ್ತು ಇಬ್ಬರು ಹುಡುಗರು ಮಾತ್ರ ಕೂತಿದ್ದರು. ಡೆಲ್ಫಿನ್ ಎಷ್ಟು ಸಲ ಹಿಂದೆ ತಿರುಗಿ ನೋಡಿದ್ದಳೆಂದರೆ ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಫಾದರ್ ಟಾಡ್ ಪೆಟ್ಟಿಗೆಯ ಸುತ್ತ ಧೂಪ ಹಾಕಿ ಆಯಿತು. ಗಾಡಿಯನ್ನು ಬಾಗಿಲ ತನಕ ತಳ್ಳಿ ಆಯಿತು. ಮೆಟ್ಟಿಲ ತುದಿಯಲ್ಲಿ ಹಾಲ್ವರ್ಸನ್ ನಿಂತು ಮೂರು ಜನರನ್ನು ನೋಡಿದ. ಉಳಿದವರೆಲ್ಲ ಹೆಂಗಸರು ಮತ್ತು ಕೋಲು ಹಿಡಿದ ಮುದುಕರು.

"ಮೂರು ಜನ ಆಗಲ್ಲ ಅಮ್ಮ. ಈ ಮಂಜುಗಡ್ಡೆ ಮೇಲಂತೂ ಸಾಧ್ಯವೇ ಇಲ್ಲ. ಹಿಂದಿನ ದಾರೀಲೇ..."

"ಐದು ನಿಮಿಷ ಇರಿ. ಬರ್ತಾರೆ," ಎಂದಳು ಡೆಲ್ಫಿನ್.

"ಬರಲ್ಲ," ಎಂದ ಎಲ್ರಾಯ್.

ಅವಳು ಅವನ ಕಡೆ ತಿರುಗಿದಳು.

"ಬ್ಯಾಂಕಲ್ಲಿದಾರೆ ಮೂರೂ ಜನ. ನಿನ್ನ ರೋಲು ತಗೊಳ್ಳೋಕೆ ಹೋಗಿದಾರೆ."

"ನನ್ನ ರೋಲು? ಅರ್ಧ ಡಾಲರ್ ತಗೊಂಡು ಏನ್ ಮಾಡ್ತಾರೆ?"

ಎಲ್ರಾಯ್ ನಕ್ಕ. ಅದರಲ್ಲಿ ಕನಿಕರ ಇರಲಿಲ್ಲ. "ಅಷ್ಟೂ ಬೆಳ್ಳಿ ಕಣೆ. ಹಳೇ ಕಾಲದ್ದು. ಆಗ ಸರ್ಕಾರ ಬೆಳ್ಳೀಲೇ ಹೊಡೀತಿತ್ತು, ಆಮೇಲೆ ತಾಮ್ರ ಬೆರೆಸಿದ್ರು. ನಿನ್ನ ಗಂಡ ಇಷ್ಟು ವರ್ಷ ಆರಿಸಿ ಆರಿಸಿ ಇಟ್ಟಿದ್ದು ಅದನ್ನೇ. ಹತ್ತು ಡಾಲರ್ ಅಂತ ನೀನು ಕೊಟ್ಟ ರೋಲಿಗೆ ಅಂಗಡೀಲಿ ಇನ್ನೂರರ ಹತ್ತಿರ ಕೊಡ್ತಾರೆ."

ಅವಳ ನಾಲಿಗೆ ತಾನಾಗಿ ಎಡಗಡೆಯ ಹಲ್ಲಿಲ್ಲದ ಜಾಗಕ್ಕೆ ಹೋಯಿತು.

"ನನಗ್ಯಾಕೆ ಹೇಳಲಿಲ್ಲ ಅವನು?" ಎಂದಳು ಆಮೇಲೆ.

"ನಾವೂ ಕೇಳಿದ್ವಿ ಒಂದ್ಸಲ. ಅವಳಿಗೆ ಹೇಳಿದ್ರೆ ಛಾವಣಿ ಅಂತಾಳೆ, ಹಲ್ಲು ಅಂತಾಳೆ, ಒಂದ್ ತಿಂಗಳಲ್ಲಿ ಖಾಲಿ ಮಾಡ್ತಾಳೆ ಅಂದ. ಅದಕ್ಕೇ ಮಾಮೂಲಿ ಕಾಗದದಲ್ಲಿ ಸುತ್ತಿ, ಮೇಲೆ ಹತ್ತು ಡಾಲರ್ ಅಂತ ಬರೆದಿಟ್ಟ. ನೀನು ಯಾವತ್ತೂ ಬಿಚ್ಚಿ ನೋಡಬಾರದು ಅಂತ."

"ನೀನ್ಯಾಕೆ ಹೋಗಲಿಲ್ಲ?"

"ನನ್ನ ಒಳಗೆ ಬಿಡಲ್ಲ ಆ ಬ್ಯಾಂಕಲ್ಲಿ," ಎಂದ ಎಲ್ರಾಯ್. "ಹೋದ ವರ್ಷ ನಾನು ಕೊಟ್ಟ ಒಂದು ರೋಲಿನ ನಡುವೆ ನಾಣ್ಯದ ಬದಲು ಕಬ್ಬಿಣದ ವಾಷರ್ ಇತ್ತು. ನಾನು ಇಟ್ಟಿದ್ದಲ್ಲ ಅಂದ್ರೆ ನಂಬಲಿಲ್ಲ ನನ್ನ ಮಕ್ಕಳು."

ಪಕ್ಕದಲ್ಲಿ ಹುಡುಗರಿಬ್ಬರೂ ನೆಲ ನೋಡುತ್ತಿದ್ದರು. ಹಾಲ್ವರ್ಸನ್ ಕೊಡೆಯನ್ನು ಸುಮ್ಮಸುಮ್ಮನೆ ಬಿಚ್ಚಿ ಮಡಿಚಿದ.

"ಮಣ್ಣು ಮಾಡೋ ದಿನ ಅಲ್ಲವೇನೋ ಇದು? ಪೆಟ್ಟಿಗೆ ಇನ್ನೂ ಚರ್ಚಿಂದ ಈಚೆ ಬಂದಿಲ್ಲ," ಎಂದಳು ಡೆಲ್ಫಿನ್.

"ಇವತ್ತೇ ಹೋಗಬೇಕು. ಅದನ್ನ ಕಲಿಸಿದ್ದೂ ಅವನೇ," ಎಂದ ಎಲ್ರಾಯ್. "ಪೇಪರಲ್ಲಿ ಮೊದಲು ಸಾವಿನ ಪುಟ ಓದ್ತಿದ್ದ ನೋಡು, ಯಾಕೆ ಅಂದ್ಕೊಂಡೆ? ಮುದುಕ ಸತ್ರೆ ಮನೆಯವರು ಅವನ ಡಬ್ಬಿ ತಗೊಂಡೋಗಿ ಬ್ಯಾಂಕಿಗೆ ಸುರೀತಾರೆ. ಹೆಣ ಹೊರೋ ದಿನ ಮನೆಯವರೆಲ್ಲ ಚರ್ಚಲ್ಲಿರ್ತಾರೆ, ಮನಸ್ಸು ಬದಲಾಯಿಸಿ ವಾಪಸ್ ಕೇಳೋಕೆ ಯಾರೂ ಬರಲ್ಲ. ಬ್ಯಾಂಕಿನ ಕಿಟಕಿ ದಾಟಿದ ರೋಲು ಯಾರದೂ ಅಲ್ಲ, ಮೊದಲು ಕೇಳಿದವನದು. ನಾರ್ಬ್ ಮಾಡಿದ ನಿಯಮ ಅದು. ಫ್ಲೋರಿಯನ್‌ನ ಮಣ್ಣು ಮಾಡಿದ ದಿನ ನೆನಪಿಲ್ವಾ?"

*

ಅವಳಿಗೆ ನೆನಪಿತ್ತು.

ಫ್ಲೋರಿಯನ್ ಕೂಡ ಕಾರ್ಖಾನೆಯವನೇ. ನಾರ್ಬರ್ಟನ ಯಂತ್ರದ ಪಕ್ಕದ ಯಂತ್ರದಲ್ಲಿ ನಿಲ್ಲುತ್ತಿದ್ದವನು. ಅವನನ್ನು ಹೊರುವವರಲ್ಲಿ ನಾರ್ಬರ್ಟನೂ ಒಬ್ಬ. ಡೆಲ್ಫಿನ್ ಅವತ್ತು ಇದೇ ಪಡಸಾಲೆಯಲ್ಲಿ ಫ್ಲೋರಿಯನ್‌ನ ಹೆಂಡತಿ ಬರ್ನಿಸ್‌ಳ ಭುಜ ಹಿಡಿದು ನಿಂತಿದ್ದಳು. ಐದು ಜನ ಬಂದಿದ್ದರು, ನಾರ್ಬರ್ಟ್ ಬಂದಿರಲಿಲ್ಲ. ಡೆಲ್ಫಿನ್ ನಾಚಿಕೆಯಿಂದ ಕುಗ್ಗಿಹೋಗಿದ್ದಳು.

ಕೊನೆಯ ಗಳಿಗೆಯಲ್ಲಿ ಅವನು ಏದುಸಿರು ಬಿಡುತ್ತ ಬಂದ. "ಟೈರ್ ಪಂಚರು," ಎಂದ. ಅವನ ಬೆರಳುಗಳೆಲ್ಲ ಮಸಿ ಮೆತ್ತಿದ ಹಾಗೆ ಕಪ್ಪಾಗಿದ್ದವು. ಡೆಲ್ಫಿನ್‌ಳೇ ತನ್ನ ಕರವಸ್ತ್ರಕ್ಕೆ ಉಗುಳು ಹಚ್ಚಿ ಒರೆಸಿದ್ದಳು. ಹೋಗಲಿಲ್ಲ. ಹಾಲ್ವರ್ಸನ್ ಬಿಳಿ ಕೈಗವಸು ತೊಡಿಸಿ ಅದನ್ನು ಮುಚ್ಚಿದ್ದ. ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುವಾಗ ನಾರ್ಬರ್ಟನ ಮುಖ ಕೆಂಪಗೆ ಹೊಳೆಯುತ್ತಿತ್ತು. ದುಃಖ ತಡೆದುಕೊಂಡಿದ್ದಾನೆ ಎಂದು ಅವಳು ಎಣಿಸಿದ್ದಳು. ಊಟದ ಹೊತ್ತಿನಲ್ಲಿ ಅವನು ಸಿಳ್ಳೆ ಹಾಕುತ್ತ ಎರಡನೆಯ ಸಲ ತಟ್ಟೆ ತುಂಬಿಸಿಕೊಂಡಿದ್ದ.

ಎಷ್ಟೋ ವರ್ಷ ಡಬ್ಬಿಯಲ್ಲಿ ಕೂತ ಹಳೆಯ ಬೆಳ್ಳಿಯೂ ಬೆರಳಿಗೆ ಅದೇ ಕಪ್ಪು ಹಚ್ಚುತ್ತದೆ.

*

ಹಿಂದಿನ ಇಳಿಜಾರು ಅಡುಗೆಮನೆಯ ಬಾಗಿಲ ಮುಂದಿನಿಂದಲೇ ಹೋಗುತ್ತದೆ. ಹಾಲ್ವರ್ಸನ್ ಮತ್ತು ಹುಡುಗರು ಗಾಡಿ ತಳ್ಳಿದರು, ಎಲ್ರಾಯ್ ಒಂದು ಕೈ ಆನಿಸಿದ. ಕಸದ ತೊಟ್ಟಿ ದಾರಿಗೆ ಅಡ್ಡವಿತ್ತು. ಅದನ್ನು ಸರಿಸುವ ತನಕ ನಾರ್ಬರ್ಟ್ ಹಾಲಿನ ಖಾಲಿ ಕ್ರೇಟುಗಳ ಪಕ್ಕ ಕಾಯಬೇಕಾಯಿತು.

ಒಳಗೆ ಬರ್ನಿಸ್ ಏಪ್ರನ್ ಕಟ್ಟಿಕೊಂಡು ಹ್ಯಾಮ್ ಕತ್ತರಿಸುತ್ತಿದ್ದಳು. ಬಾಗಿಲಲ್ಲಿ ಪೆಟ್ಟಿಗೆ ಕಂಡು ಚಾಕು ಹಿಡಿದೇ ಹೊರಗೆ ಬಂದಳು.

"ಇದೇನೇ, ಈ ಕಡೆಯಿಂದ? ಹೊರೋರು ಎಲ್ಲಿ ಹೋದ್ರು?"

"ಬ್ಯಾಂಕಿಗೆ," ಎಂದಳು ಡೆಲ್ಫಿನ್.

ಬರ್ನಿಸ್ ಏನೂ ಕೇಳಲಿಲ್ಲ. ಅವಳು ಏನೂ ಕೇಳದೇ ಇದ್ದದ್ದೇ ಡೆಲ್ಫಿನ್‌ಗೆ ಎಲ್ಲವನ್ನೂ ಹೇಳಿಬಿಟ್ಟಿತು.

"ಫ್ಲೋರಿಯನ್‌ನ ಡಬ್ಬಿ..." ಎಂದು ಶುರುಮಾಡಿದಳು.

"ಗೊತ್ತು," ಎಂದಳು ಬರ್ನಿಸ್. "ಆಗ ಕಿಟಕೀಲಿದ್ದೋಳು ನನ್ನ ತಂಗಿ ಸೊಸೆ. ಅವತ್ತು ಸಾಯಂಕಾಲವೇ ಹೇಳಿದ್ಲು, ಝಿಂಬಾ ಬಂದು ಎಲ್ಲ ತಗೊಂಡ ಅಂತ."

"ಗೊತ್ತಿದ್ದೂ ನನಗೆ ಹೇಳಲಿಲ್ವಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ನನ್ನ ಗಂಡ ಅಂಥೋನಲ್ಲ ಅಂತ ಜಗಳಕ್ಕೆ ಬರ್ತಿದ್ದೆ."

ಅದು ನಿಜ. ಡೆಲ್ಫಿನ್ ತಡೆದು ಕೇಳಿದಳು, "ಇಷ್ಟೆಲ್ಲ ಗೊತ್ತಿದ್ದೂ ಅವನ ಸಾವಿನ ಊಟಕ್ಕೆ ಹ್ಯಾಮ್ ಕತ್ತರಿಸ್ತಿದೀಯಾ?"

"ಹ್ಯಾಮ್ ಏನು ಪಾಪ ಮಾಡಿದೆ?" ಎಂದಳು ಬರ್ನಿಸ್. "ನಿನಗೋಸ್ಕರ ಕತ್ತರಿಸ್ತಿದೀನಿ. ಅವನಿಗಲ್ಲ."

ಶವದ ಗಾಡಿಯ ಹಿಂಬಾಗಿಲು ಮುಚ್ಚಿತು. ಡೆಲ್ಫಿನ್ ಕೈಗವಸು ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. "ಬಾ ನನ್ನ ಜೊತೆ ಸ್ಮಶಾನಕ್ಕೆ. ಒಬ್ಬಳೇ ನಿಲ್ಲೋಕಾಗಲ್ಲ ನನಗೆ," ಎಂದಳು.

ಬರ್ನಿಸ್ ಏಪ್ರನ್ ಬಿಚ್ಚಿ ಬಾಗಿಲ ಹಿಡಿಗೆ ನೇತುಹಾಕಿದಳು.

*

ಸ್ಮಶಾನದ ಗೇಟಿನ ಒಳಗೆ ಮಾರ್ವ್‌ನ ಕಾರು ಆಗಲೇ ನಿಂತಿತ್ತು. ಅದರ ಪಕ್ಕ ಮೂವರೂ ಕಾಲರ್ ಎತ್ತಿಕೊಂಡು ನಿಂತಿದ್ದರು. ಎದೆಯ ಮೇಲಿನ ಬಿಳಿ ಹೂವು ಹಾಗೇ ಇತ್ತು. ಕೋಟುಗಳು ಮಾತ್ರ ಬೆಳಿಗ್ಗೆ ಇದ್ದ ಹಾಗಿರಲಿಲ್ಲ. ಹೊರಜೇಬು, ಒಳಜೇಬು ಎಲ್ಲ ಉಬ್ಬಿ, ಬಟ್ಟೆ ಕೆಳಗೆ ಜಗ್ಗಿ, ಭುಜದ ಹೊಲಿಗೆ ಬಿಗಿದುಕೊಂಡಿತ್ತು. ಮೂವರೂ ಬಸುರಿ ಹೆಂಗಸರ ಹಾಗೆ ಬೆನ್ನು ಹಿಂದಕ್ಕೆ ಹಾಕಿ ನಿಂತಿದ್ದರು.

ಮಾರ್ವ್ ಎದುರಿಗೆ ಬಂದ. "ತಡ ಆಯ್ತು ಡೆಲ್ಫಿನ್. ಕ್ಲೆಮ್ ಕಾರಿನ ಬ್ಯಾಟರಿ ಕೂತುಹೋಗಿತ್ತು, ಅದಕ್ಕೇ ಎಲ್ಲ ನನ್ನ ಕಾರಲ್ಲೇ..."

"ಬ್ಯಾಂಕಲ್ಲಿ ತುಂಬಾ ಜನ ಇದ್ರಾ?" ಎಂದಳು ಡೆಲ್ಫಿನ್.

"ಇಲ್ಲ, ನಾವು ಮೂರೇ..." ಎಂದ ಗಸ್, ಅಷ್ಟಕ್ಕೇ ಬಾಯಿ ಮುಚ್ಚಿದ.

"ಥೂ ನಿನ್ನ," ಎಂದ ಕ್ಲೆಮ್.

ಮಾರ್ವ್ ಎಲ್ರಾಯ್‌ನನ್ನು ದುರುಗುಟ್ಟಿ ನೋಡಿದ. ಎಲ್ರಾಯ್ ಹಲ್ಲು ಕಿರಿದ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಮಾರ್ವ್‌ಗೆ ತಿಳಿಯಿತು. ತಲೆಯ ಮೇಲಿನ ಟೋಪಿ ತೆಗೆದ. "ನೋಡು ಡೆಲ್ಫಿನ್, ನಾವು ಯಾರ ಮನೆಗೂ ನುಗ್ಗಿಲ್ಲ. ಕಿಟಕಿ ದಾಟಿದ್ದು ಯಾರದೂ ಅಲ್ಲ. ನಾರ್ಬ್ ಬದುಕಿದ್ದಿದ್ರೆ ಅವನೂ ಇದನ್ನೇ..."

"ನಾನೇನಾದ್ರೂ ಕೇಳಿದ್ನಾ? ಎತ್ತಿ. ಅವನು ಕಾಯ್ತಿದಾನೆ," ಎಂದಳು ಅವಳು.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಒಂದೇ ನಿಮಿಷ. ಕೋಟು ಕಾರಲ್ಲಿಟ್ಟು ಬರ್ತೀವಿ," ಎಂದ ಕ್ಲೆಮ್.

"ಯಾರ ಕಾರಲ್ಲಿ?" ಎಂದ ಗಸ್ ತಕ್ಷಣ. "ಬೀಗ ಕೆಟ್ಟಿರೋ ಇವನ ಕಾರಲ್ಲಾ? ಇನ್ನೂ ಪಾಲಾಗಿಲ್ಲ, ನಾನಂತೂ ಇಡಲ್ಲ."

"ಕೋಟು ಹಾಕ್ಕೊಂಡೇ ಎತ್ತಿ. ಚಳಿ ಇದೆ," ಎಂದಳು ಡೆಲ್ಫಿನ್.

ಎತ್ತಿದರು. ಬೆಳಿಗ್ಗೆಯ ಹಾಗೇ ಮುಂದೆ ಮಾರ್ವ್ ಮತ್ತು ಕ್ಲೆಮ್, ನಡುವೆ ಗಸ್ ಮತ್ತು ಎಲ್ರಾಯ್, ಹಿಂದೆ ಹುಡುಗರು. ಝಿಂಬಾಗಳ ಗುಂಡಿ ದಿಬ್ಬದ ಮೇಲೆ, ಬರ್ಚ್ ಮರಗಳ ಹತ್ತಿರ. ಹುಲ್ಲು ನೆನೆದು ಜಾರುತ್ತಿತ್ತು. ಪ್ರತಿ ಹೆಜ್ಜೆಗೂ ಕೋಟಿನ ಅಂಚು ಮೊಣಕಾಲಿಗೆ ಬಡಿಯುತ್ತಿತ್ತು, ಒಳಗಿನಿಂದ ಮಂದವಾದ ಸದ್ದು ಬರುತ್ತಿತ್ತು. ಅವಳು ಬಯಸಿದ್ದ ಹಾಗೇ ನಾರ್ಬರ್ಟನನ್ನು ಅವನ ಸ್ನೇಹಿತರು ಹೊತ್ತುಕೊಂಡು ಹೋಗುತ್ತಿದ್ದರು. ಹಿಂದೆ ಡೆಲ್ಫಿನ್ ಮತ್ತು ಬರ್ನಿಸ್ ತೋಳಿಗೆ ತೋಳು ಕೊಟ್ಟು ನಡೆದರು.

ಗುಂಡಿಯ ಹತ್ತಿರ ಬಂದಾಗ ಕ್ಲೆಮ್‌ನ ಜೇಬಿನ ಹೊಲಿಗೆ ಬಿಟ್ಟಿತು. ಮೊದಲು ಒಂದು ರೋಲು ಜಾರಿ ಹುಲ್ಲಿನ ಮೇಲೆ ಬಿದ್ದು, ನೆನೆದ ಕಾಗದ ಒಡೆದು ನಾಣ್ಯಗಳು ಚೆಲ್ಲಿದವು. ಅವನು ತೊಡೆಯಿಂದ ಜೇಬನ್ನು ಒತ್ತಿಹಿಡಿಯಲು ಹೋಗಿ ಕಾಲು ಎತ್ತಿದ. ಇನ್ನೆರಡು ರೋಲು ಬಿದ್ದವು.

"ನಿಲ್ಸೋ, ನಿಲ್ಸೋ," ಎಂದ ಕ್ಲೆಮ್.

"ನಿಲ್ಸಿದ್ರೆ ಪೆಟ್ಟಿಗೆ ನಮ್ಮ ಮೇಲೆ ಬರತ್ತೆ. ನಡಿ," ಎಂದು ಹಿಂದಿನ ಹುಡುಗ ಗದರಿದ.

ಮುಗ್ಗರಿಸಿದ ಕ್ಲೆಮ್‌ಗೆ ಗಸ್ ಡಿಕ್ಕಿ ಹೊಡೆದ. ಗಸ್‌ನ ಜೇಬೂ ಬಾಯಿಬಿಟ್ಟಿತು. ಕೆಲವು ನಾಣ್ಯ ದಿಬ್ಬದ ಇಳಿಜಾರಿನಲ್ಲಿ ಉರುಳಿ ಗುಂಡಿಯ ಸುತ್ತಲಿನ ಹುಲ್ಲಿನಲ್ಲಿ ಅಲ್ಲಲ್ಲಿ ಮಲಗಿದವು. ಕಣ್ಣನ್ನು ನೆಲದಲ್ಲಿ ನೆಟ್ಟೇ ಅವರು ಪೆಟ್ಟಿಗೆಯನ್ನು ಗುಂಡಿಗೆ ಅಡ್ಡ ಬಿಗಿದ ಪಟ್ಟಿಗಳ ಮೇಲೆ ಇಳಿಸಿದರು. ಸೊಂಟ ನೆಟ್ಟಗೆ ಮಾಡುವುದರೊಳಗೆ ಜನ ಸುತ್ತ ಬಂದು ನಿಂತಾಗಿತ್ತು, ಫಾದರ್ ಟಾಡ್ ಪುಸ್ತಕ ತೆರೆದಾಗಿತ್ತು. ಬರ್ನಿಸ್ ಕೆಳಗೆ ನೋಡಿದಳು. ಬೂಟಿನ ಹತ್ತಿರವೇ ಒಂದು ಅರ್ಧ ಡಾಲರ್ ಬಿದ್ದಿತ್ತು. ಅವಳು ಕಾಲು ಮುಂದಿಟ್ಟು ಅದರ ಮೇಲೆ ನಿಂತಳು.

ಪಾದ್ರಿ ಹೊಸಬ, ಊರಿಗೆ ಬಂದು ವರ್ಷವಾಗಿರಲಿಲ್ಲ. ಮಳೆ ನೋಡಿ ಪ್ರಾರ್ಥನೆಯನ್ನು ಚಿಕ್ಕದು ಮಾಡಿದ. ನೀರು ಚಿಮುಕಿಸಿ ಪುಸ್ತಕ ಮುಚ್ಚಿದ.

"ಎಲ್ಲರೂ ಚರ್ಚಿಗೆ ಬನ್ನಿ, ಕೆಳಗೆ ಬಿಸಿ ಊಟ ಇದೆ," ಎಂದ.

ಕ್ಲೆಮ್ ಬೂಟಿನ ಲೇಸು ಕಟ್ಟುವವನ ಹಾಗೆ ಬಗ್ಗಲು ಶುರುಮಾ​ಡಿದ.

"ಫಾದರ್," ಎಂದಳು ಡೆಲ್ಫಿನ್. "ಜಪಮಾಲೆ ಆಗಲಿ."

ಕ್ಲೆಮ್ ಅರ್ಧಕ್ಕೇ ನಿಂತ, ಮತ್ತೆ ನೆಟ್ಟಗಾದ.

"ಇಲ್ಲೇನಾ ಅಮ್ಮ? ಈ ಚಳಿಲಿ? ಒಂದು ಹತ್ತು ಮಣಿ ಹೇಳಿ ಮುಗಿಸೋಣ ಬೇಕಾದ್ರೆ."

"ಪೂರ್ತಿ ಆಗಲಿ. ಐವತ್ತೂ."

"ಇವರೆಲ್ಲ ವಯಸ್ಸಾದವರು. ನೆನೀತಿದಾರೆ."

"ನಾರ್ಬರ್ಟ್‌ಗೆ ಇವರು ಅಂದ್ರೆ ಪ್ರಾಣ ಫಾದರ್. ಇವರಿಗೂ ಅಷ್ಟೇ. ನಿಂತಿರ್ತಾರೆ," ಎಂದಳು ಡೆಲ್ಫಿನ್. ಮಾರ್ವ್‌ನ ಕಡೆ ತಿರುಗಿದಳು. "ಅಲ್ವಾ?"

ಹಿಂದೆ ನಿಂತಿದ್ದ ಊರಿನವರೆಲ್ಲ ಅವನನ್ನು ನೋಡುತ್ತಿದ್ದರು.

"ಹೌದು," ಎಂದ.

ಬರ್ನಿಸ್ ಜೇಬಿನಿಂದ ಮಣಿಸರ ತೆಗೆದು, ಯಾರಿಗೂ ಕಾಯದೆ, ಗಟ್ಟಿ ದನಿಯಲ್ಲಿ ಶುರುಮಾಡಿದಳು. ನಮೋ ಮರಿಯೆ, ವರಪ್ರಸಾದ ಪೂರ್ಣೆ. ಡೆಲ್ಫಿನ್ ಉತ್ತರ ಹೇಳಿದಳು. ಇಬ್ಬರೂ ಎಲ್ಲಿಯೂ ಅವಸರ ಮಾಡಲಿಲ್ಲ. ಮಳೆ ದಪ್ಪಗಾಗಿ ಹುಲ್ಲಿನ ಬುಡದಲ್ಲಿ ಕೆಸರು ಏಳತೊಡಗಿತು. ಮಲಗಿದ್ದ ನಾಣ್ಯಗಳು ಒಂದೊಂದಾಗಿ ಅದರಲ್ಲಿ ಕೂರುತ್ತಿದ್ದವು. ಗುಂಡಿಯ ಆಚೆ ಬದಿಯಲ್ಲಿ ಮಾರ್ವ್, ಕ್ಲೆಮ್, ಗಸ್, ಎಲ್ರಾಯ್ ಸಾಲಾಗಿ ನಿಂತಿದ್ದರು. ನಾಲ್ವರ ಗದ್ದವೂ ಎದೆಗೆ ತಾಗಿತ್ತು. ಕಣ್ಣು ಒಂದು ಕ್ಷಣವೂ ನೆಲ ಬಿಟ್ಟು ಏಳಲಿಲ್ಲ. ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಒಬ್ಬನೂ ಒರೆಸಿಕೊಳ್ಳಲಿಲ್ಲ.

ಫಾದರ್ ಟಾಡ್ ಅವರನ್ನು ನೋಡಿದ. ಇಷ್ಟು ಭಕ್ತಿಯಿಂದ ತಲೆ ತಗ್ಗಿಸಿ ನಿಂತ ಗಂಡಸರನ್ನು ಅವನು ಈ ಊರಿನಲ್ಲಿ ಇದುವರೆಗೆ ಕಂಡಿರಲಿಲ್ಲ. ಪುಸ್ತಕವನ್ನು ಕೋಟಿನೊಳಗೆ ಇಟ್ಟುಕೊಂಡು, ಅವರ ಹಾಗೇ ತಾನೂ ತಲೆ ತಗ್ಗಿಸಿದ.